ಗಾಡಿ ಬರೂತನಕ



ಮಾತು ಶುರು ಮಾಡುವ ಮುಂಚೆ ನಿಮ್ಮಿಂದ ಒಂದು ಸಣ್ಣ ಕೆಲಸ ಆಗಬೇಕು. ಮನಸ್ಸಿನಲ್ಲೇ ಒಂದು ಗಾಜಿನ ನಳಿಕೆ ಹಿಡಿದುಕೊಳ್ಳಿ. ಬೆರಳುದ್ದದ್ದು. ಹೊಸದು, ಒಣಗಿದ್ದು, ಸೋಪಿನ ನೀರು ಸೋಕದ್ದು. ಅದರ ತಳದಲ್ಲಿ ಅರ್ಧ ಚಮಚೆಯಷ್ಟು ರಕ್ತ ಇದೆ. ಈಗಷ್ಟೇ ಒಬ್ಬ ಹೆಣ್ಣುಮಗಳ ತೋಳಿನಿಂದ ತೆಗೆದದ್ದು. ನರ್ಸಮ್ಮ ಅದನ್ನು ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿ ಗಡಿಯಾರ ನೋಡಿದರು. ಇನ್ನು ಇಪ್ಪತ್ತು ನಿಮಿಷ ಅದನ್ನು ಯಾರೂ ಮುಟ್ಟುವಂತಿಲ್ಲ, ಅಲುಗಾಡಿಸುವಂತಿಲ್ಲ.

ಆಕಾಶವಾಣಿಯವರು ನನಗೆ ಕೊಟ್ಟಿರುವುದೂ ಇಪ್ಪತ್ತೇ ನಿಮಿಷ. ನನ್ನ ಮಾತು ಮುಗಿಯುವ ಹೊತ್ತಿಗೆ ಆ ನಳಿಕೆಯನ್ನು ವಾಲಿಸಿ ನೋಡೋಣ. ಅಲ್ಲಿಯವರೆಗೆ ಆ ರಕ್ತ ಅಲ್ಲಿಗೆ ಹೇಗೆ ಬಂತು ಎಂದು ಹೇಳುತ್ತೇನೆ.

ಸುಮಾರು ಹನ್ನೆರಡು ವರ್ಷದ ಹಿಂದಿನ ಮಾತು. ಸೇಡಂ ತಾಲ್ಲೂಕಿನ ಕೋಡ್ಲಾ ಸೀಮೆ. ಎಳ್ಳಮಾಸಿಯ ಮರುದಿನ. ಹಿಂದಿನ ದಿನ ಹೊಲದಲ್ಲಿ ಚರಗ ಚೆಲ್ಲಿ, ಸಜ್ಜಿ ರೊಟ್ಟಿ, ಭಜ್ಜಿ ಪಲ್ಯ ಉಂಡು ಬಂದಿದ್ದೆವು. ಹಬ್ಬಕ್ಕೆಂದು ಊರಿಗೆ ಬಂದಿದ್ದ ನಾನು ಇನ್ನೂ ಹಾಸಿಗೆಯಲ್ಲೇ ಇದ್ದೆ. ನಮ್ಮ ಕಾಕು, ಅಂದರೆ ಚಿಕ್ಕಮ್ಮ, ಬೆಳಗಾಗುತ್ತಲೇ ತೊಗರಿ ಕೊಯ್ಯಲು ಹೋಗಿದ್ದರು. ಬದುವಿನ ಮೇಲೆ ಫರಸಿ ಕಲ್ಲಿನ ಒಡಕು ಚೂರುಗಳ ಗುಡ್ಡೆ. ಅದರ ಮಗ್ಗುಲಲ್ಲಿ ಕಾಲಿಟ್ಟಾಗ ಏನೋ ಚುಚ್ಚಿದಂತಾಯಿತು. ಅದಕ್ಕೂ ಮೊದಲು ಒಂದು ಸದ್ದು ಕೇಳಿಸಿತ್ತಂತೆ. ‘ಬಡಗ್ಯಾ ಕಟ್ಟಗಿ ಕೊಯ್ದಂಗ’ ಎಂದು ಆಮೇಲೆ ಹೇಳಿದರು.

ರೇಡಿಯೊದಲ್ಲಿ ಹಾವನ್ನು ತೋರಿಸಲಾಗುವುದಿಲ್ಲ. ಆದರೆ ಈ ಹಾವನ್ನು ಕಿವಿಯಿಂದಲೇ ಗುರುತಿಸಬಹುದು. ಗರಗಸ ಮಂಡಲ ಅಂದರೆ ಅದೇ. ಎರಡು ಗೇಣಿಗಿಂತ ಉದ್ದ ಇರುವುದು ಅಪರೂಪ. ಮಣ್ಣಿನ ಬಣ್ಣ. ಮೈ ಸುತ್ತಿಕೊಂಡು ಹುರುಪೆಗೆ ಹುರುಪೆ ಉಜ್ಜಿದರೆ ಗರಗಸ ಎಳೆದ ಸದ್ದು ಬರುತ್ತದೆ. ಒಣ ನೆಲ, ಕಲ್ಲಿನ ಸಂದು ಎಂದರೆ ಅದಕ್ಕೆ ಇಷ್ಟ. ಶಹಾಬಾದ್ ಕಲ್ಲಿನ ನಾಡಿನಲ್ಲಿ ಅದಕ್ಕೆ ಮನೆಯ ಕೊರತೆ ಇಲ್ಲ.

ಕಾಕು ಕೂಗಿದಾಗ ಗಂಟೆ ಏಳೂವರೆ. ರಕ್ತ ನಳಿಕೆಗೆ ಬಂದಾಗ ಹನ್ನೆರಡು ದಾಟಿತ್ತು. ನಡುವಿನ ನಾಲ್ಕೂವರೆ ಗಂಟೆ ಎಲ್ಲಿ ಹೋಯಿತು ಎಂಬುದೇ ಇವತ್ತಿನ ನನ್ನ ಮಾತು.

1994ರಲ್ಲಿ ಸರೀನ್ ಥಾಡಿಯಸ್, ಡೆಬೊರಾ ಮೇನ್ ಎಂಬ ಇಬ್ಬರು ಒಂದು ಲೇಖನ ಬರೆದರು. ಬಡ ದೇಶಗಳಲ್ಲಿ ಬಾಣಂತಿಯರು ಯಾಕೆ ಸಾಯುತ್ತಾರೆ ಎಂದು ಕೇಳಿಕೊಂಡು, ಮೂರು ತಡಗಳಿಂದ ಎಂದರು. ದವಾಖಾನೆಗೆ ಹೋಗೋಣ ಎಂದು ತೀರ್ಮಾನಿಸುವುದರಲ್ಲಿ ಒಂದು ತಡ. ಅಲ್ಲಿಗೆ ಮುಟ್ಟುವುದರಲ್ಲಿ ಇನ್ನೊಂದು. ಮುಟ್ಟಿದ ಮೇಲೆ ಚಿಕಿತ್ಸೆ ಸಿಗುವುದರಲ್ಲಿ ಮತ್ತೊಂದು. ಇದು ಬಾಣಂತಿಯರಿಗೆ ಎಷ್ಟು ನಿಜವೋ ಹಾವು ಕಡಿತಕ್ಕೂ, ಲಾರಿ ಬಡಿದವರಿಗೂ, ಎದೆ ಹಿಡಿದುಕೊಂಡು ಕೂತವರಿಗೂ ಅಷ್ಟೇ ನಿಜ. ನಾನು ಅವನ್ನು ಮನೆಯ ತಡ, ದಾರಿಯ ತಡ, ದವಾಖಾನೆಯ ತಡ ಎಂದು ಕರೆಯುತ್ತೇನೆ. ನಾವು ಬೈಯುವುದು ಕೊನೆಯದನ್ನು. ನಮ್ಮ ಕಾಕುವಿನ ಹೊತ್ತು ಹೆಚ್ಚು ತಿಂದದ್ದು ಮೊದಲನೆಯದು.

ಹೇಗೆ ಎಂದು ಕೇಳಿ. ಹೊಲದಲ್ಲಿದ್ದವರು ಹಗ್ಗದಿಂದ ಮೊಣಕಾಲಿನ ಕೆಳಗೆ ಬಿಗಿಯಾಗಿ ಕಟ್ಟಿದರು. ಮನೆಗೆ ತಂದರು. ಬೇವಿನ ಎಲೆ ತಿನ್ನಿಸಿದರು. ಕಹಿ ಹತ್ತಿದರೆ ವಿಷ ಏರಿಲ್ಲ ಎಂಬುದು ಲೆಕ್ಕ. ಕಾಕು ‘ಕಹಿ ಅದ’ ಎಂದರು. ಎಲ್ಲರಿಗೂ ಅರ್ಧ ಜೀವ ಬಂತು. ಅದೇ ಸಮಾಧಾನದಲ್ಲಿ ಪಕ್ಕದ ಊರಿನ ಮಂತ್ರ ಹಾಕುವವರನ್ನು ಕರೆಯಲು ಒಬ್ಬ ಸೈಕಲ್ ಮೋಟಾರು ಹತ್ತಿದ. ಅವರು ಬಂದರು, ನೀರು ಚಿಮುಕಿಸಿದರು, ಬೂದಿ ಹಚ್ಚಿದರು. ಹತ್ತು ಗಂಟೆ ಆಯಿತು.

ಮಂತ್ರದವರನ್ನು ಬೈಯಲು ನಾನು ಬಂದಿಲ್ಲ. ಅವರ ಮೇಲೆ ಜನರಿಗೆ ನಂಬಿಕೆ ಯಾಕೆ ಉಳಿದಿದೆ ಎಂಬುದಕ್ಕೆ ಸರಳ ಕಾರಣ ಇದೆ. ನಮ್ಮ ಹೊಲಗಳಲ್ಲಿ ಕಚ್ಚುವ ಹಾವುಗಳಲ್ಲಿ ವಿಷ ಇಲ್ಲದವೇ ಬಹಳ. ವಿಷದ ಹಾವೂ ಒಮ್ಮೊಮ್ಮೆ ಹಲ್ಲು ಊರಿ ವಿಷ ಬಿಡದೆ ಹೋಗುತ್ತದೆ. ಹೀಗೆ ತಾವಾಗಿಯೇ ಬದುಕುವವರೆಲ್ಲ ಮಂತ್ರದ ಲೆಕ್ಕಕ್ಕೆ ಜಮಾ ಆಗುತ್ತಾರೆ. ಸತ್ತವರು ಹಣೆಬರಹದ ಲೆಕ್ಕಕ್ಕೆ. ಇಂಥ ಖಾತೆಯಲ್ಲಿ ಮಂತ್ರಕ್ಕೆ ಎಂದೂ ನಷ್ಟ ಇಲ್ಲ. ಇನ್ನೊಂದು ಕಾರಣವನ್ನೂ ಹೇಳಬೇಕು. ದೊಡ್ಡ ದವಾಖಾನೆ ಅಂದರೆ ರೊಕ್ಕ, ಕಲಬುರಗಿ ಅಂದರೆ ಕೂಲಿ ಬಿಟ್ಟು ನಾಲ್ಕು ದಿನ. ಆ ಅಂಜಿಕೆಗೆ ಮೂಢನಂಬಿಕೆ ಎಂದು ಹೆಸರಿಟ್ಟು ಕೈ ತೊಳೆದುಕೊಳ್ಳುವುದು ಸುಲಭ.

ಹಗ್ಗದ ವಿಷಯ ಮಾತ್ರ ಬೇರೆ. ಬಿಗಿದ ಹಗ್ಗ ವಿಷವನ್ನು ತಡೆಯುವುದಿಲ್ಲ, ಕಾಲಿಗೆ ಹೋಗುವ ರಕ್ತವನ್ನು ತಡೆಯುತ್ತದೆ. ಕಾಲೇ ಕೊಳೆಯಬಹುದು. ಕೊಯ್ಯುವುದೂ ಬೇಡ, ಬಾಯಿಂದ ಹೀರುವುದೂ ಬೇಡ. ಮಾಡಬೇಕಾದ್ದು ಇಷ್ಟು. ಕಾಲುಂಗುರ, ಕಾಲ್ಗಡಗ, ಬಳೆ ಮೊದಲು ತೆಗೆಯಿರಿ, ಬಾವು ಬಂದರೆ ಅವೇ ಕತ್ತರಿಸುತ್ತವೆ. ಕಾಲಿಗೆ ಎರಡು ಕಡ್ಡಿ ಇಟ್ಟು, ಮುರಿದ ಎಲುಬಿಗೆ ಕಟ್ಟುವಂತೆ, ಸಡಿಲವಾಗಿ ಬಟ್ಟೆ ಸುತ್ತಿ. ನಡೆಸಬೇಡಿ, ಹೊತ್ತುಕೊಂಡು ಹೋಗಿ. ಬೇರೆ ಗಾಡಿ ಇಲ್ಲದಿದ್ದರೆ ಸೈಕಲ್ ಮೋಟಾರಿನ ಮೇಲೆ ಇಬ್ಬರ ನಡುವೆ ಕೂಡಿಸಿಕೊಳ್ಳಿ. ಹಾವನ್ನು ಹೊಡೆದು ಚೀಲದಲ್ಲಿ ತರುವ ಅಗತ್ಯವೂ ಇಲ್ಲ. ನಮ್ಮಲ್ಲಿ ಸಿಗುವ ಔಷಧಿ ಒಂದೇ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ನಾಲ್ಕಕ್ಕೂ ಅದೇ.

ಕಟ್ಟುಹಾವಿನ ಬಗ್ಗೆ ಒಂದು ಮಾತು ಸೇರಿಸುತ್ತೇನೆ, ಅದು ಮೋಸಗಾರ. ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ನೋವಿಲ್ಲ, ಬಾವಿಲ್ಲ. ಬೆಳಗಿನ ಜಾವ ಹೊಟ್ಟೆ ನೋವು ಅನ್ನುತ್ತಾರೆ. ಆಮೇಲೆ ಕಣ್ಣಿನ ರೆಪ್ಪೆ ಜೋತು ಬೀಳುತ್ತದೆ. ನೆಲದ ಮೇಲೆ ಮಲಗಿದವರ ರೆಪ್ಪೆ ಎತ್ತಲು ಬಾರದಿದ್ದರೆ ಹಾವು ಕಂಡಿರಾ ಎಂದು ಕೇಳುತ್ತ ಕೂರಬೇಡಿ. ಮುಂದಿನ ಸರದಿ ಉಸಿರಿನದು.

ನಳಿಕೆ ನಿಲ್ಲಿಸಿ ಆರೇಳು ನಿಮಿಷ ಆಗಿರಬೇಕು. ಇರಲಿ, ಮುಟ್ಟುವುದು ಬೇಡ.

ಇಲ್ಲಿಯವರೆಗೆ ಹೇಳಿದ್ದು ಮನೆಯ ತಡ. ಏಳೂವರೆಯಿಂದ ಹತ್ತು ಗಂಟೆವರೆಗಿನದು. ಇನ್ನು ದಾರಿಯ ತಡ. ಇದರಲ್ಲಿ ತಪ್ಪು ನನ್ನದೇ, ಅದಕ್ಕೇ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಹತ್ತು ಗಂಟೆಗೆ ಕಾಕುವಿನ ವಸಡಿನಲ್ಲಿ ರಕ್ತ ಕಾಣಿಸಿತು. ಬಾಯಿ ಮುಕ್ಕಳಿಸಿದರೆ ನೀರು ಕೆಂಪು. ಆಗ ನನಗೆ 108 ನೆನಪಾಯಿತು. ಈ ಸಂಖ್ಯೆಯ ಸೇವೆ ಮೊದಲು ಶುರುವಾದದ್ದು ನಮ್ಮ ನೆರೆಯ ಹೈದರಾಬಾದಿನಲ್ಲಿ, 2005ರ ಆಗಸ್ಟ್ 15ರಂದು. ಕರ್ನಾಟಕಕ್ಕೆ ‘ಆರೋಗ್ಯ ಕವಚ’ ಎಂಬ ಹೆಸರಿನಲ್ಲಿ 2008ರ ರಾಜ್ಯೋತ್ಸವದ ದಿನ ಬಂತು. ಅದಕ್ಕೂ ಮುಂಚೆ ನಮ್ಮ ಕಡೆ ಆಂಬುಲೆನ್ಸ್ ಅಂದರೆ ಹೆಣ ತರುವ ಗಾಡಿ. ಈಗ ಅದರಲ್ಲಿ ಆಮ್ಲಜನಕ ಇದೆ, ಉಸಿರು ಒತ್ತುವ ಚೀಲ ಇದೆ, ತರಬೇತಿ ಪಡೆದವರು ಒಬ್ಬರು ಇರುತ್ತಾರೆ. ಡ್ರೈವರನ್ನು ‘ಪೈಲಟ್’ ಎನ್ನುತ್ತಾರೆ. ನಮ್ಮ ರಸ್ತೆಗಳ ತಗ್ಗು ದಿನ್ನೆಗಳ ಮೇಲೆ ಗಾಡಿ ಹಾರಿಸಿಕೊಂಡು ಬರುವವರಿಗೆ ಆ ಹೆಸರು ಒಪ್ಪುತ್ತದೆ ಬಿಡಿ.

ಫೋನು ಹಚ್ಚಿದೆ. ಆ ಕಡೆಯ ಹುಡುಗಿ ಕೇಳಿದಳು, ‘ಸರ್, ಯಾವ ಊರು?’

‘ಕೋಡ್ಲಾ.’

‘ಕೋಡ್ಲಿನಾ ಸರ್?’

ಗಾಬರಿಯಲ್ಲಿದ್ದ ನಾನು ‘ಹೂಂ, ಹೂಂ, ಜಲ್ದಿ ಕಳಸ್ರಿ’ ಎಂದುಬಿಟ್ಟೆ.

ಕೇಳುಗರೇ, ಕೋಡ್ಲಾ ನಮ್ಮದು, ಸೇಡಂ ತಾಲ್ಲೂಕು. ಕೋಡ್ಲಿ ಬೇರೆ. ಆಗ ಚಿಂಚೋಳಿ ತಾಲ್ಲೂಕಿನಲ್ಲಿತ್ತು, ಈಗ ಕಾಳಗಿಗೆ ಸೇರಿದೆ. ಒಂದು ಸ್ವರ ಅದಲುಬದಲು ಆದದ್ದಕ್ಕೆ ಗಾಡಿ ಬೇರೆ ದಿಕ್ಕಿಗೆ ಹೊರಟಿತು. ಗಾಡಿಯವರೇ ತಿರುಗಿ ಫೋನು ಮಾಡಿ ಗುರುತು ಕೇಳಿದ್ದರಿಂದ ತಪ್ಪು ತಿಳಿಯಿತು. ಕಾಗುಣಿತದ ಬೆಲೆ ಅವತ್ತು ಗೊತ್ತಾದಷ್ಟು ಶಾಲೆಯಲ್ಲಿ ಗೊತ್ತಾಗಿರಲಿಲ್ಲ.

ಇದು ನನ್ನೊಬ್ಬನ ಕಥೆ ಅಲ್ಲ. ಮುಧೋಳ ಅಂದರೆ ಬೆಂಗಳೂರಿನವರಿಗೆ ಬಾಗಲಕೋಟೆಯ ಮುಧೋಳ. ನಮಗೆ ಸೇಡಂ ತಾಲ್ಲೂಕಿನ ಮುಧೋಳ. ಚಿಂಚೋಳಿಯ ಕುಂಚಾವರಂ ಕಡೆಯ ಅಡವಿಯಲ್ಲಿ ತಾಂಡಾಗಳಿವೆ. ತಾಂಡಾದ ಹೆಸರು ಅಲ್ಲಿನವರ ಬಾಯಲ್ಲಿ ಇರುತ್ತದೆ, ರಸ್ತೆಯ ಫಲಕದ ಮೇಲೆ ಇರುವುದಿಲ್ಲ. ಗಡಿಯ ಊರುಗಳಲ್ಲಿ ಮೊಬೈಲು ತೆಲಂಗಾಣದ ಟವರ್ ಹಿಡಿದರೆ ‘ಚೆಪ್ಪಂಡಿ’ ಎಂಬ ದನಿ ಬರುವುದೂ ಉಂಟು. ನಮ್ಮವರಿಗೆ ತೆಲುಗು ಬರುತ್ತದೆ, ಅದು ತೊಂದರೆ ಅಲ್ಲ. ಗಾಡಿ ಯಾವ ರಾಜ್ಯದ್ದು ಬರಬೇಕು ಎಂಬುದು ತೊಂದರೆ.

ಹಾಗಾಗಿ ಗುರುತು ಹೇಳುವುದನ್ನು ಕಲಿಯಬೇಕು. ‘ಹಳ್ಳದ ಬಾಜೂಕ, ಪಾಟೀಲರ ಹೊಲ ದಾಟಿ, ಬೇವಿನ ಗಿಡದ ಹಂತ್ಯಾಕ’ ಎಂದರೆ ನನಗೆ ತಿಳಿಯುತ್ತದೆ, ದೂರದಲ್ಲಿ ಕುಳಿತು ಫೋನು ಎತ್ತಿದವರಿಗೆ ತಿಳಿಯುವುದಿಲ್ಲ. ಮೊದಲು ಜಿಲ್ಲೆ. ಆಮೇಲೆ ತಾಲ್ಲೂಕು. ಆಮೇಲೆ ಊರು. ಆಮೇಲೆ ಎಲ್ಲರಿಗೂ ಕಾಣುವ ಒಂದು ಗುರುತು. ನಮ್ಮಲ್ಲಿ ಅದಕ್ಕೆ ಬರವಿಲ್ಲ. ಕೋಡ್ಲಾ, ಬೆನಕನಹಳ್ಳಿ ಬಳಿ ಸಿಮೆಂಟ್ ಕಾರ್ಖಾನೆ ಇದೆ. ಮಳಖೇಡದಲ್ಲಿದೆ, ವಾಡಿಯಲ್ಲಿದೆ. ಆ ಚಿಮಣಿಗಳು ಹರದಾರಿ ದೂರಕ್ಕೆ ಕಾಣುತ್ತವೆ. ಹೊಲ ಒಳಗಿದ್ದರೆ ಒಬ್ಬ ಹುಡುಗನನ್ನು ಡಾಂಬರು ರಸ್ತೆಗೆ ಕಳಿಸಿ, ಕೈಯಲ್ಲಿ ಕೆಂಪು ವಲ್ಲಿ ಕೊಟ್ಟು ನಿಲ್ಲಿಸಿ. ಫೋನು ಮಾಡಿದವರ ಮೊಬೈಲಿನಲ್ಲಿ ಚಾರ್ಜ್ ಇರಬೇಕು. ಗಾಡಿಯವರು ತಿರುಗಿ ಮಾಡುವುದು ಅದೇ ನಂಬರಿಗೆ.

ಗುರುತು ಸರಿ ಹೇಳಿದರೂ ದಾರಿ ಇರಬೇಕಲ್ಲ. ಸೇಡಂನಿಂದ ಕಲಬುರಗಿಗೆ ಐವತ್ತು ಕಿಲೋಮೀಟರಿಗೂ ಹೆಚ್ಚು. ಚಿಂಚೋಳಿಯಿಂದ ಎಂಬತ್ತರ ಮೇಲೆ. ನಡುವೆ ಕಾಗಿಣಾ ಹೊಳೆ. 2020ರ ಅಕ್ಟೋಬರ್ ಮಳೆ ನಿಮಗೆ ಮರೆತಿರಲಾರದು. ಮಳಖೇಡದ ಸೇತುವೆ ಮುಳುಗಿದರೆ ಸೇಡಂ ಕಡೆಯವರಿಗೆ ಕಲಬುರಗಿ ದೂರವಾಗುತ್ತದೆ. ದಂಡೋತಿಯ ಸೇತುವೆ ಮುಳುಗಿದರೆ ಚಿತ್ತಾಪುರದ ಕಡೆಯವರಿಗೂ ಅದೇ ಗತಿ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದಲ್ಲಿ ಮಳೆಗಾಲಕ್ಕೆ ಬಸುರಿ ಹೆಂಗಸನ್ನು ಹೊಳೆ ದಾಟಿಸುವುದು ಹೇಗೆ ಎಂಬ ಚಿಂತೆ ಇನ್ನೂ ಉಳಿದಿದೆ. ದಿನ ತುಂಬಿದ ಬಸುರಿಯರನ್ನು ಮಳೆ ಜೋರಾಗುವ ಮುಂಚೆಯೇ ಹೊಳೆಯ ಆಚೆಯ ನೆಂಟರ ಮನೆಗೆ ಕಳಿಸುವ ಆಶಾ ಕಾರ್ಯಕರ್ತೆಯರು ನಮ್ಮಲ್ಲಿದ್ದಾರೆ. ನನ್ನ ಲೆಕ್ಕದಲ್ಲಿ ಅದೂ ತುರ್ತು ಚಿಕಿತ್ಸೆಯೇ.

ಮನೆಯ ತಡ ಹೇಳಿದೆ, ದಾರಿಯ ತಡ ಹೇಳಿದೆ. ದವಾಖಾನೆಗೆ ಹೋಗುವ ಮೊದಲು ಒಂದು ಪ್ರಶ್ನೆ. ಗಾಡಿ ಬರೂತನಕ ಊರವರು ಏನು ಮಾಡಬೇಕು? ಸುತ್ತ ನಿಂತು ನೋಡುತ್ತ ಇರಬೇಕೆ?

ಇದಕ್ಕೆ ಉತ್ತರ ಸಿಕ್ಕಿದ್ದು ನಮ್ಮಂಥ ದೇಶಗಳಲ್ಲೇ. ಕಾಂಬೋಡಿಯಾ ಮತ್ತು ಉತ್ತರ ಇರಾಕಿನ ಹಳ್ಳಿಗಳಲ್ಲಿ ನೆಲಬಾಂಬು ತುಳಿದು ಕಾಲು ಹೋದವರು ದವಾಖಾನೆ ಮುಟ್ಟುವ ಮುಂಚೆಯೇ ಸಾಯುತ್ತಿದ್ದರು. ನಾರ್ವೆಯ ವೈದ್ಯ ಹಾನ್ಸ್ ಹುಸುಮ್ ಮತ್ತು ಅವರ ಜೊತೆಗಾರರು ಹಳ್ಳಿಯ ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟರು. ಆ ಕಾರ್ಯಕರ್ತರು ಸಾವಿರಾರು ಸಾಮಾನ್ಯ ಜನರಿಗೆ ರಕ್ತ ನಿಲ್ಲಿಸುವುದು, ಉಸಿರಿನ ದಾರಿ ತೆರೆಯುವುದು ಕಲಿಸಿದರು. ಅವರಲ್ಲಿ ರೈತರು ಇದ್ದರು, ಮಕ್ಕಳ ತಾಯಂದಿರು ಇದ್ದರು. 1997ರಿಂದ ಐದು ವರ್ಷ ನಡೆದ ಕೆಲಸ. ನೂರು ಜನ ಗಾಯಗೊಂಡರೆ ಮೊದಲು ನಲವತ್ತು ಜನ ಸಾಯುತ್ತಿದ್ದರು. ಅದು ಹದಿನೈದಕ್ಕೆ ಇಳಿಯಿತು. ಹೊಸ ಹೆಲಿಕಾಪ್ಟರ್ ಬರಲಿಲ್ಲ, ಹೊಸ ರಸ್ತೆಯೂ ಬರಲಿಲ್ಲ.

ಆಫ್ರಿಕಾದ ಘಾನಾದಲ್ಲಿ ಇನ್ನೊಂದು ಬಗೆ. ಅಪಘಾತವಾದಾಗ ಗಾಯಾಳುವನ್ನು ಒಯ್ಯುವವರು ಹೇಗಿದ್ದರೂ ಟ್ಯಾಕ್ಸಿ, ಬಸ್ಸು, ಲಾರಿಯವರೇ. ಹಾಗಾದರೆ ಅವರಿಗೇ ಕಲಿಸೋಣ ಎಂದರು. ಮುನ್ನೂರಕ್ಕೂ ಹೆಚ್ಚು ಡ್ರೈವರುಗಳಿಗೆ ಬರೀ ಆರು ಗಂಟೆಯ ಪಾಠ. ಹತ್ತು ತಿಂಗಳ ಮೇಲೆ ಕೆಲವರನ್ನು ಹುಡುಕಿ ಕೇಳಿದಾಗ ಹತ್ತರಲ್ಲಿ ಆರು ಜನ ಅದನ್ನು ಬಳಸಿದ್ದರು.

ಇದನ್ನು ಓದಿದಾಗ ನನಗೆ ನಮ್ಮ ರಸ್ತೆಗಳೇ ಕಣ್ಣಮುಂದೆ ಬಂದವು. ಸಿಮೆಂಟಿನ ಬಲ್ಕರ್ ಲಾರಿಗಳು, ಫರಸಿ ಹೇರಿದ ಟ್ರ್ಯಾಕ್ಟರುಗಳು, ಜನರನ್ನು ತುರುಕಿಕೊಂಡು ಓಡುವ ಟಂಟಂಗಳು. ನಮ್ಮಲ್ಲಿ ಗಾಯ ಮಾಡುವವೂ ಅವೇ, ಗಾಯಾಳುವನ್ನು ಒಯ್ಯುವವೂ ಅವೇ. ಟಂಟಂ ನಡೆಸುವ ಹುಡುಗನಿಗೆ ಆರು ಗಂಟೆ ಕಲಿಸಲು ಯಾವ ಇಲಾಖೆಗೂ ಕಷ್ಟವಾಗಬಾರದು. ರಕ್ತ ಚಿಮ್ಮುವ ಜಾಗಕ್ಕೆ ಬಟ್ಟೆ ಮಡಿಸಿ ಒತ್ತಿ ಹಿಡಿಯುವುದು. ಎಚ್ಚರ ತಪ್ಪಿದವರನ್ನು ಪಕ್ಕಕ್ಕೆ ಹೊರಳಿಸುವುದು. ಬಾಯಿಗೆ ನೀರು ಹಾಕದಿರುವುದು. ಈ ನೀರಿನ ಮಾತು ಕೇಳಲು ಕಠಿಣ. ಬಾಯಾರಿದವರಿಗೆ ನೀರು ಕೊಡುವುದು ನಮ್ಮ ರಕ್ತದಲ್ಲಿ ಬಂದದ್ದು. ಆದರೆ ಎಚ್ಚರವಿಲ್ಲದವರ ಬಾಯಿಗೆ ಹಾಕಿದ ನೀರು ಹೋಗುವುದು ಶ್ವಾಸಕೋಶಕ್ಕೆ.

ತೊಗರಿಗೆ ಎಣ್ಣೆ ಹೊಡೆಯುವ ದಿನಗಳಲ್ಲಿ ವಿಷ ಮೈಗೆ ಹತ್ತಿ ಬಿದ್ದವರಿಗೂ ಊರವರೇ ಮೊದಲ ವೈದ್ಯರು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ನೆನೆದ ಅಂಗಿ ಬಿಚ್ಚಿ, ಸೋಪು ಹಚ್ಚಿ ಮೈ ತೊಳೆಯಿರಿ. ಬಾಟಲಿಯನ್ನು ಜೊತೆಗೆ ಒಯ್ಯಿರಿ. ಅದರ ಮೇಲಿನ ಚೀಟಿ ಓದಿದರೆ ಡಾಕ್ಟರಿಗೆ ಅರ್ಧ ಕೆಲಸ ಮುಗಿದಂತೆ.

‘ಕೈ ಹಚ್ಚಿದರೆ ಪೊಲೀಸ್ ಕೇಸು’ ಎಂಬ ಅಂಜಿಕೆ ಬಹಳ ಜನರಲ್ಲಿದೆ. ಈಗ ಅದಕ್ಕೆ ಕಾರಣವಿಲ್ಲ. 2016ರಲ್ಲಿ ಬೆಂಗಳೂರು–ತುಮಕೂರು ಹೆದ್ದಾರಿಯಲ್ಲಿ ಹರೀಶ್ ಎಂಬ ಯುವಕ ಲಾರಿಗೆ ಸಿಕ್ಕು ದೇಹ ಎರಡಾಗಿ ಬಿದ್ದಾಗಲೂ ತನ್ನ ಅಂಗಾಂಗ ದಾನ ಮಾಡಿ ಎಂದು ಕೇಳಿಕೊಂಡದ್ದು ನೆನಪಿರಬಹುದು. ಅಪಘಾತದ ಗಾಯಾಳುಗಳಿಗೆ ಮೊದಲ ನಲವತ್ತೆಂಟು ಗಂಟೆ ಉಚಿತ ಚಿಕಿತ್ಸೆ ಕೊಡಲೆಂದು ತಂದ ರಾಜ್ಯದ ಯೋಜನೆಗೆ ಅವರ ಹೆಸರನ್ನೇ ಇಟ್ಟರು. ಅದೇ ವರ್ಷ ಸುಪ್ರೀಂ ಕೋರ್ಟು ಗಾಯಾಳುವಿಗೆ ನೆರವಾದವರನ್ನು ಕಾಡಬಾರದು ಎಂಬ ನಿಯಮಗಳಿಗೆ ಬಲ ಕೊಟ್ಟಿತು. 2019ರಲ್ಲಿ ಮೋಟಾರು ವಾಹನ ಕಾಯ್ದೆಯಲ್ಲೂ ಅದು ಸೇರಿತು. ನೆರವಾದವರು ತಮ್ಮ ಹೆಸರು ಹೇಳಲೇಬೇಕು ಎಂದೇನಿಲ್ಲ. ಗಾಯಾಳುವನ್ನು ದವಾಖಾನೆಗೆ ಸೇರಿಸಿ, ಬಂದುಬಿಡಬಹುದು.

ನಳಿಕೆಗೆ ಇನ್ನು ಐದಾರು ನಿಮಿಷ ಬಾಕಿ.

ಮನೆಯಲ್ಲಿ ಎರಡೂವರೆ ಗಂಟೆ ಹೋಯಿತು. ನನ್ನ ಬಾಯ್ತಪ್ಪು ಮತ್ತು ರಸ್ತೆ ಸೇರಿ ಉಳಿದದ್ದು ಹೋಯಿತು. ಹೇಳಲು ಉಳಿದಿರುವುದು ದವಾಖಾನೆಯ ತಡ. ಇದನ್ನು ಬೇಗ ಮುಗಿಸುತ್ತೇನೆ, ಯಾಕೆಂದರೆ ನಿಮಗೆಲ್ಲ ಇದು ಗೊತ್ತೇ ಇದೆ. ಪೊಲೀಸ್ ಕಾಗದ ತನ್ನಿ ಎಂದು ತುರ್ತು ರೋಗಿಯನ್ನು ಬಾಗಿಲಲ್ಲಿ ನಿಲ್ಲಿಸುವಂತಿಲ್ಲ. ಪರಮಾನಂದ ಕಟಾರಾ ಪ್ರಕರಣದಲ್ಲಿ 1989ರಲ್ಲೇ ಸುಪ್ರೀಂ ಕೋರ್ಟು ಹಾಗೆ ಹೇಳಿದೆ. ಸರಕಾರಿ ಆಗಲಿ ಖಾಸಗಿ ಆಗಲಿ, ಮೊದಲು ಜೀವ, ಆಮೇಲೆ ಕಾಗದ. ಎದೆನೋವಿಗೆ ಈಗ ತಾಲ್ಲೂಕಿನ ಮಟ್ಟದಲ್ಲೂ ದಾರಿ ಇದೆ. 2023ರ ನವೆಂಬರಿನಿಂದ ಪುನೀತ್ ರಾಜಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ಆಯ್ದ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸುತ್ತಾರೆ. ಹೆಪ್ಪುಗಟ್ಟಿದ ರಕ್ತ ಕರಗಿಸುವ ದುಬಾರಿ ಇಂಜೆಕ್ಷನನ್ನು ಪುಕ್ಕಟೆ ಕೊಡುತ್ತಾರೆ. ಕಲಬುರಗಿಯಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ ಹೊಸ ಆಸ್ಪತ್ರೆ 2024ರ ಡಿಸೆಂಬರಿನಲ್ಲಿ ತೆರೆಯಿತು. ಅದರ ಹಾಸಿಗೆಗಳು 371. 

ಹಾವು ಕಡಿತದ ಮಾತಿಗೆ ಬಂದರೆ, ನಮ್ಮ ದೇಶದಲ್ಲಿ ವರ್ಷಕ್ಕೆ ಸುಮಾರು 58 ಸಾವಿರ ಜನ ಅದರಿಂದ ಸಾಯುತ್ತಾರೆ ಎಂಬುದು ಇಪ್ಪತ್ತು ವರ್ಷಗಳ ಅಂದಾಜು. ಬಹುಪಾಲು ಹಳ್ಳಿಯವರೇ. 2024ರಲ್ಲಿ ಕರ್ನಾಟಕ ಸರಕಾರ ಇದನ್ನು ತಪ್ಪದೆ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಇಷ್ಟು ದಿನ ಮಂತ್ರದ ಖಾತೆಗೂ ಹಣೆಬರಹದ ಖಾತೆಗೂ ಹೋಗುತ್ತಿದ್ದವರು ಇನ್ನಾದರೂ ಸರಕಾರದ ಖಾತೆಗೆ ಬರಬೇಕು.

ಈಗ ಕಾಕುವಿನ ಹತ್ತಿರ ಹೋಗೋಣ.

ಡಾಕ್ಟರು ಮೊದಲು ಸಲೈನ್ ಹಚ್ಚಿದರು. ಅದು ಹರಿಯತೊಡಗಿದ ಮೇಲೆಯೇ ಹಗ್ಗವನ್ನು ಒಮ್ಮೆಗೇ ಕತ್ತರಿಸದೆ ಸ್ವಲ್ಪ ಸ್ವಲ್ಪವಾಗಿ ಸಡಿಲಿಸಿದರು. ಹಗ್ಗದ ಗುರುತು ಮೊಣಕಾಲ ಕೆಳಗೆ ಬಳೆ ತೊಡಿಸಿದಂತೆ ನೀಲಿಗಟ್ಟಿತ್ತು. ಆಮೇಲೆ ತೋಳಿನಿಂದ ರಕ್ತ ತೆಗೆದು ನಳಿಕೆಗೆ ಬಿಟ್ಟರು. ‘ಅಲಗಾಡಸಬ್ಯಾಡ್ರಿ’ ಎಂದು ನರ್ಸಮ್ಮ ನನ್ನ ಕಡೆ ನೋಡಿಯೇ ಹೇಳಿದರು, ನಾನು ಆ ಮೇಜಿಗೆ ಆನಿಕೊಂಡು ನಿಂತಿದ್ದೆ. ಗೋಡೆಯ ಗಡಿಯಾರದ ಸದ್ದು ಕೇಳುತ್ತಿತ್ತು. ಕಾಕು ಕಣ್ಣು ಮುಚ್ಚಿಕೊಂಡಿದ್ದರು.

ಇಪ್ಪತ್ತು ನಿಮಿಷ ಆಯಿತು. ನರ್ಸಮ್ಮ ನಳಿಕೆ ಎತ್ತಿ ವಾಲಿಸಿದರು. ಆರೋಗ್ಯವಂತರ ರಕ್ತವಾದರೆ ಅಷ್ಟು ಹೊತ್ತಿಗೆ ಮೊಸರಿನ ಹಾಗೆ ಹೆಪ್ಪುಗಟ್ಟಿ ತಳದಲ್ಲಿ ನಿಲ್ಲಬೇಕು. ಕಾಕುವಿನ ರಕ್ತ ನೀರಿನ ಹಾಗೆ ಹರಿದು ನಳಿಕೆಯ ಬಾಯಿಯವರೆಗೆ ಬಂತು. ಹೆಪ್ಪುಗಟ್ಟಿಸುವ ಸತ್ವವನ್ನು ವಿಷ ತಿಂದುಹಾಕಿತ್ತು. ಡಾಕ್ಟರು ಒಂದೇ ಮಾತು ಆಡಿದರು, ‘ಹತ್ತು ಶೀಶೆ ತಗೀರಿ.’ ಕುದುರೆಯ ರಕ್ತದಿಂದ ಮಾಡುವ ಔಷಧಿ ಅದು. ಸಲೈನಿಗೆ ಬೆರೆಸಿ ಹನಿ ಹನಿಯಾಗಿ ಬಿಟ್ಟರು.

ಆರು ಗಂಟೆ ಬಿಟ್ಟು ಮತ್ತೊಂದು ನಳಿಕೆ. ಅದೂ ಹರಿಯಿತು. ಮತ್ತೆ ಔಷಧಿ. ನಡುರಾತ್ರಿ ದಾಟಿದ ಮೇಲೆ ಮೂರನೆಯದು. ಆ ಹೊತ್ತಿಗೆ ಬೇರೆ ನರ್ಸಮ್ಮ ಬಂದಿದ್ದರು. ಅವರು ನಳಿಕೆಯನ್ನು ದೀಪದ ಕಡೆ ಹಿಡಿದು ವಾಲಿಸಿದರು. ಇನ್ನೂ ವಾಲಿಸಿದರು. ಕೊನೆಗೆ ಪೂರಾ ಬೋರಲು ಮಾಡಿದರು. ರಕ್ತ ತಳದಲ್ಲೇ ಅಂಟಿಕೊಂಡಿತ್ತು, ಒಂದು ಹನಿಯೂ ಕೆಳಗೆ ಬೀಳಲಿಲ್ಲ.

ಕಾಕು ಕಣ್ಣು ಬಿಟ್ಟು ನನ್ನನ್ನು ಹತ್ತಿರ ಕರೆದರು.

‘ಉಳದದ್ದು ಆರು ಸಾಲು ತೊಗರಿ ಯಾರ್ ಕೊಯ್ದ್ರೋ?’